ಗೋಡೆಗೂ ಉಸಿರು ಬೇಕು



ಒಂದು ಮನೆಯ ಸಂಗತಿಯಿಂದ ಮಾತು ಶುರು ಮಾಡುತ್ತೇನೆ. ಊರು ಮೈಸೂರು. ಇಸವಿ 1935. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟದೊಂದು ಬಾನುಲಿ ಕೇಂದ್ರ ತೆರೆದರು. ಮನೆಯ ಹೆಸರು ವಿಠ್ಠಲ ವಿಹಾರ. ಕೇಂದ್ರಕ್ಕೆ ಬಂದ ಹೆಸರು ಆಕಾಶವಾಣಿ. ಮುಂದೆ ಆ ಹೆಸರು ಇಡೀ ದೇಶದ ಬಾನುಲಿಯದಾಯಿತು. ಒಂದು ಸಂಸಾರಕ್ಕೆಂದು ಇದ್ದ ಮನೆ ಊರಿಗೆಲ್ಲ ಹಾಡು ಕೇಳಿಸಿತು.

ಮನೆ ಹೊಸ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ. ಹಳೆಯ ಮನೆಯನ್ನು ಕೆಡವಬೇಕಾಗಿಲ್ಲ. ಬೀಗ ಹಾಕಿ ಹಾಳು ಬಿಡಬೇಕಾಗಿಯೂ ಇಲ್ಲ. ಇವತ್ತಿನ ಸಂಸಾರ ಅದರಲ್ಲಿ ಸುಖವಾಗಿ ಇರಬಹುದು. ನೀರು, ವಿದ್ಯುತ್ತು ಎರಡನ್ನೂ ಹಿಡಿತದಲ್ಲಿ ಬಳಸಿಕೊಂಡು ಇರಬಹುದು. ಅದಕ್ಕೆ ಮೊದಲು ಆ ಮನೆ ಹೇಗೆ ಉಸಿರಾಡುತ್ತದೆ ಎಂದು ತಿಳಿದುಕೊಳ್ಳಬೇಕು. ನಾವು ತಡವಾಗಿ ತಿಳಿದುಕೊಂಡೆವು.

ನಮ್ಮದು ಮೈಸೂರಿನ ಹಳೆಯ ಅಗ್ರಹಾರವೊಂದರ ತೊಟ್ಟಿಮನೆ. ತಾತ ಕಟ್ಟಿಸಿದ್ದು. ನೂರು ವರ್ಷ ದಾಟಿದೆ. ನೀವು ರೇಡಿಯೋ ಮುಂದೆ ಕೂತಿದ್ದೀರಿ, ಮನೆ ನಿಮಗೆ ಕಾಣುವುದಿಲ್ಲ. ನನ್ನ ಜೊತೆ ಒಳಗೆ ಬನ್ನಿ. ಬೀದಿಗೆ ಅಂಟಿಕೊಂಡು ಜಗುಲಿ. ಎರಡು ಮರದ ಕಂಬ. ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು. ದಾಟಿದ ಮೇಲೆ ಸ್ವಲ್ಪ ಕತ್ತಲು. ನಾಲ್ಕು ಹೆಜ್ಜೆ ಇಟ್ಟರೆ ಮುಖದ ಮೇಲೆ ಬೆಳಕು ಬೀಳುತ್ತದೆ. ಅದೇ ತೊಟ್ಟಿ. ಮನೆಯ ನಟ್ಟನಡುವೆ ಆಕಾಶಕ್ಕೆ ತೆರೆದ ಚೌಕ. ಅಗಲ ಹತ್ತು ಅಡಿ, ಉದ್ದವೂ ಅಷ್ಟೇ. ಅದರ ನೆಲ ಒಂದು ಅಡಿ ತಗ್ಗು, ಕಲ್ಲು ಹಾಸಿದ್ದು. ನಾಲ್ಕು ಕಡೆಯಿಂದಲೂ ಮಂಗಳೂರು ಹೆಂಚಿನ ಸೂರು ಅದರ ಕಡೆಗೆ ಇಳಿಯುತ್ತದೆ. ಸುತ್ತ ಪಡಸಾಲೆ. ಪಡಸಾಲೆಯ ಹಿಂದೆ ಕೋಣೆಗಳು, ಅಡುಗೆಮನೆ, ಬಚ್ಚಲು. ಆಮೇಲೆ ಹಿತ್ತಲು, ಬಾವಿ. ಗೋಡೆ ಒಂದೂವರೆ ಅಡಿ ದಪ್ಪ. ಬುಡದಲ್ಲಿ ಕಲ್ಲು, ಮೇಲಕ್ಕೆ ಇಟ್ಟಿಗೆ ಮತ್ತು ಮಣ್ಣು, ಮೈಗೆಲ್ಲ ಸುಣ್ಣದ ಗಾರೆ.

ಈಗ ಆ ಗೋಡೆಯ ಹತ್ತಿರ ಬನ್ನಿ. ನಡುಮನೆಯ ಪಡುವಣ ಗೋಡೆ. ಇಪ್ಪತ್ತು ವರ್ಷದ ಹಿಂದೆ ಅದರ ಬುಡದಲ್ಲಿ ಮೊಣಕಾಲೆತ್ತರಕ್ಕೆ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. ದಿನಾ ಬೆಳಿಗ್ಗೆ ಅಮ್ಮ ಒಂದು ಮೊರ ಪುಡಿ ಗುಡಿಸಿ ತೆಗೆಯುತ್ತಿದ್ದರು. ಕಂಟ್ರಾಕ್ಟರೊಬ್ಬರು ಬಂದು ನೋಡಿದರು. ಹಳೇ ಗಾರೆ ಕೆತ್ತಿ ಹಾಕಿ ಸಿಮೆಂಟ್ ಬಳಿಯೋಣ, ಆಮೇಲೆ ಐವತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ ಎಂದರು. ನಮಗೂ ಸರಿ ಅನಿಸಿತು. ಸಿಮೆಂಟ್ ಬಳಿದಾಯಿತು. ಅದರ ಮೇಲೆ ನುಣ್ಣನೆಯ ಪ್ಲಾಸ್ಟಿಕ್ ಬಣ್ಣ. ಎರಡು ವರ್ಷ ಗೋಡೆ ಹೊಸದರಂತೆ ಇತ್ತು.

ಮೂರನೇ ಮಳೆಗಾಲಕ್ಕೆ ತೇವ ಮೊಣಕಾಲು ಬಿಟ್ಟು ಸೊಂಟಕ್ಕೆ ಏರಿತು. ಐದನೇ ವರ್ಷ ಎದೆಯ ಮಟ್ಟ ಮುಟ್ಟಿತು. ಬಣ್ಣ ಗುಳ್ಳೆ ಎದ್ದಿತು. ಗುಳ್ಳೆ ಒಡೆದರೆ ಒಳಗೆ ಹತ್ತಿ ಅರಳಿದಂತೆ ಬಿಳಿ ಉಪ್ಪು. ಬೆರಳಿನ ಗಣ್ಣಿನಿಂದ ಗೋಡೆ ತಟ್ಟಿದರೆ ಟೊಳ್ಳು ಮಡಕೆಯ ಸದ್ದು. ಕೋಣೆಗೆ ಮುಗ್ಗುಲು ವಾಸನೆ. ಅಮ್ಮನಿಗೆ ಕೆಮ್ಮು. ನೆಂಟರೆಲ್ಲ ಒಂದೇ ಮಾತು ಹೇಳತೊಡಗಿದರು. ಹಳೇ ಮನೆ ಅಲ್ಲವೇ, ಅದರ ಆಯಸ್ಸು ಮುಗಿದಿದೆ, ಕೆಡವಿ ಕಟ್ಟಿಸಿ.

ಕೆಡವುವುದಕ್ಕೆ ಮೊದಲು ಒಬ್ಬ ಹಳೆಯ ಗಾರೆ ಮೇಸ್ತ್ರಿಗಳನ್ನು ಕರೆಸಿದೆ. ಎಪ್ಪತ್ತರ ಹತ್ತಿರದ ವಯಸ್ಸು. ಅವರು ಗೋಡೆಯನ್ನು ನೋಡಲೇ ಇಲ್ಲ. ಅಂಗೈ ಇಟ್ಟು ಮುಟ್ಟಿದರು. ಬುಡ, ಸೊಂಟ, ಎದೆ, ಹೀಗೆ ಮೂರು ಕಡೆ. ಆಮೇಲೆ, "ಅಮ್ಮಾವ್ರೇ, ಗೋಡೆ ಸತ್ತಿಲ್ಲ. ನೀವು ಅದರ ಮೂಗು ಮುಚ್ಚಿದ್ದೀರಿ" ಎಂದರು.

ಮೇಸ್ತ್ರಿಗಳ ಆ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಮನೆಯ ತಳಪಾಯಕ್ಕೂ ಗೋಡೆಗೂ ನಡುವೆ ನೀರು ತಡೆಯುವ ಪದರ ಇರುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಗೋಡೆ ನೆಲದ ತೇವವನ್ನು ಹೀರುತ್ತದೆ. ಅದು ಸಹಜ. ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಹೀರಿದ ತೇವ ಆ ರಂಧ್ರಗಳಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಗೋಡೆ ಹೀರುತ್ತದೆ, ಬಿಡುತ್ತದೆ. ಸಿಮೆಂಟ್ ಹಾಗಲ್ಲ, ಗಟ್ಟಿ, ಬಿಗಿ. ತೇವಕ್ಕೆ ಹೊರಗೆ ದಾರಿ ಸಿಗದೆ ಮೇಲೆ ಏರುತ್ತದೆ. ತೇವದಲ್ಲಿ ಕರಗಿದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ, ಇಟ್ಟಿಗೆಯನ್ನೇ ಒಡೆಯುತ್ತದೆ. ಮೊದಲು ಉದುರುತ್ತಿದ್ದ ಆ ಒಂದು ಮೊರ ಪುಡಿ ಏನು ಗೊತ್ತೇ? ಗಾರೆ ತಾನು ಸವೆದು ಇಟ್ಟಿಗೆಯನ್ನು ಉಳಿಸುತ್ತಿತ್ತು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಗಾರೆ ಬದಲಿಸಿದ್ದರೆ ಸಾಕಾಗಿತ್ತು. ನಾವು ಅದನ್ನು ರೋಗ ಅಂದುಕೊಂಡೆವು.

ಸಿಮೆಂಟ್ ಕೆತ್ತಿಸಿದೆವು. ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬೆತ್ತಲೆ ಬಿಟ್ಟೆವು, ಒಣಗಲಿ ಎಂದು. ಹಿತ್ತಲಲ್ಲಿ ಗುಂಡಿ ತೋಡಿ ಸುಟ್ಟ ಸುಣ್ಣ ಹಾಕಿ ನೀರು ಬಿಟ್ಟೆವು. ಅದು ಕೊತಕೊತ ಕುದಿಯುವ ಸದ್ದನ್ನು ಒಮ್ಮೆ ಕೇಳಬೇಕು. ಒಲೆಯಿಲ್ಲ, ಬೆಂಕಿಯಿಲ್ಲ, ನೀರು ತಾನೇ ಕುದಿಯುತ್ತದೆ. ಮೂರು ವಾರ ನೆನೆದ ಮೇಲೆ ಸುಣ್ಣ ಬೆಣ್ಣೆಯಾಗುತ್ತದೆ. ಅದಕ್ಕೆ ಮರಳು, ಇಟ್ಟಿಗೆ ಪುಡಿ ಅಂದರೆ ಸುರ್ಕಿ, ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು. ಮನೆಯೆಲ್ಲ ಹದಿನೈದು ದಿನ ಪಾನಕದ ವಾಸನೆ.

ಇಲ್ಲಿಯವರೆಗೆ ಹೇಳಿದ್ದು ಗೋಡೆಯ ಮಾತು. ಹಳೆಯ ಗೋಡೆ ಉಸಿರಾಡುತ್ತದೆ, ಸಿಮೆಂಟ್ ಆ ಉಸಿರನ್ನು ಕಟ್ಟುತ್ತದೆ, ಸುಣ್ಣ ಬಿಡಿಸುತ್ತದೆ. ಈಗ ಇದೇ ಮಾತನ್ನು ಮನೆಯಿಂದಾಚೆಗೆ ಒಯ್ಯೋಣ. ಇದು ನಮ್ಮೊಬ್ಬರ ಗೋಡೆಯ ಪ್ರಶ್ನೆ ಮಾತ್ರ ಅಲ್ಲ.

ಸುಣ್ಣದ ಕಲ್ಲು ಸುಡಲು ಸುಮಾರು 900 ಡಿಗ್ರಿ ಶಾಖ ಸಾಕು. ಸಿಮೆಂಟಿಗೆ 1,400 ಡಿಗ್ರಿಗೂ ಹೆಚ್ಚು ಬೇಕು. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಸುಣ್ಣ ಸುಡುವಾಗಲೂ ಅದೇ ಅನಿಲ ಹೊರಬರುತ್ತದೆ, ನಿಜ. ಆದರೆ ಬಳಿದ ಸುಣ್ಣದ ಗಾರೆ ಗಟ್ಟಿಯಾಗುವುದೇ ಗಾಳಿಯಲ್ಲಿರುವ ಅದೇ ಅನಿಲವನ್ನು ಮೆಲ್ಲಗೆ ವಾಪಸು ಹೀರಿಕೊಂಡು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮ್ಮ ಮನೆಯ ಇಟ್ಟಿಗೆ ನೂರು ವರ್ಷದ ಹಿಂದೆಯೇ ಸುಟ್ಟದ್ದು. ಅದಕ್ಕೆ ಬೇಕಾದ ಸೌದೆ ಆವತ್ತೇ ಉರಿದು ಹೋಯಿತು. ಮರ ಆವತ್ತೇ ಬಿತ್ತು. ಕೆಡವಿದರೆ ಅದೆಲ್ಲ ಲಾರಿ ತುಂಬಿ ಊರಾಚೆಗೆ ಹೋಗುತ್ತದೆ. ಅದರ ಜಾಗಕ್ಕೆ ಹೊಸ ಇಟ್ಟಿಗೆ, ಹೊಸ ಸಿಮೆಂಟ್, ಹೊಸ ಕಬ್ಬಿಣ. ಆಮೇಲೆ ಆ ಹೊಸ ಮನೆಯ ತಾರಸಿಗೆ ಸೋಲಾರ್ ಫಲಕ ಹಾಕಿ ಪರಿಸರಸ್ನೇಹಿ ಎಂದು ಕರೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಭೂಮಿಗೆ ಹಗುರವಾದ ಮನೆ ಈಗಾಗಲೇ ನಿಂತಿರುವ ಮನೆ.

ಹಾಗಾದರೆ ಹಳೆಯ ಮನೆಗಳು ಉಳಿಯುತ್ತಿವೆಯೇ? ಕೆಲವು ಉಳಿದಿವೆ. ಮೈಸೂರಿನ ಯಾದವಗಿರಿಯಲ್ಲಿ ಲೇಖಕ ಆರ್. ಕೆ. ನಾರಾಯಣ್ ಅವರ ಮನೆ ಇದೆ. 2011ರಲ್ಲಿ ಅದನ್ನು ಕೆಡವುವ ಕೆಲಸ ಶುರುವಾಗಿಬಿಟ್ಟಿತ್ತು. ಜನ ದನಿ ಎತ್ತಿದರು, ಕೆಲಸ ನಿಂತಿತು. ಮಹಾನಗರ ಪಾಲಿಕೆ ಮನೆಯನ್ನು ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಯೂ ಹಾಗೆಯೇ ಉಳಿದಿದೆ. ಅದೂ ತೊಟ್ಟಿಮನೆಯೇ. ಎರಡಕ್ಕೂ ಕೈ ಮುಗಿಯುತ್ತೇನೆ. ಆದರೆ ಎಲ್ಲ ಹಳೆಯ ಮನೆಗಳಲ್ಲೂ ದೊಡ್ಡ ಲೇಖಕರು ಬಾಳಿರುವುದಿಲ್ಲ. ಎಲ್ಲವನ್ನೂ ವಸ್ತುಸಂಗ್ರಹಾಲಯ ಮಾಡಲಾಗುವುದಿಲ್ಲ. ಮಿಕ್ಕ ಮನೆಗಳಲ್ಲಿ ಜನ ಇರಬೇಕು. ಒಲೆ ಉರಿಯಬೇಕು, ಬಟ್ಟೆ ಒಗೆಯುವ ಯಂತ್ರ ತಿರುಗಬೇಕು, ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಪಡಸಾಲೆಯಲ್ಲಿ ಕೂರಬೇಕು.

ಮೈಸೂರಿನಲ್ಲಿ ಪಾರಂಪರಿಕ ಎಂದು ಗುರುತಿಸಿ ಪಟ್ಟಿಗೆ ಸೇರಿಸಿದ ಕಟ್ಟಡಗಳು 200ಕ್ಕೂ ಹೆಚ್ಚು. ಅಂಥ ಕಟ್ಟಡ ಕೆಡವಲು, ಅದರ ಮುಖ ಬದಲಿಸಲು ಅನುಮತಿ ಬೇಕು. ಇರಲೇಬೇಕಾದ ಕಾಯಿದೆ ಅದು. ನಮ್ಮ ಮನೆ ಪಟ್ಟಿಯಲ್ಲಿಲ್ಲ. ಆದರೆ ಪಟ್ಟಿಯಲ್ಲಿರುವ ಮನೆಗೂ ಇಲ್ಲದ ಮನೆಗೂ ತೇವ ಒಂದೇ, ಗೆದ್ದಲು ಒಂದೇ. ಪಾಲಿನ ಜಗಳವೂ ಒಂದೇ. ನಮ್ಮ ಬೀದಿಯಲ್ಲೇ ಒಂದು ಮನೆಯ ತೊಟ್ಟಿಯ ನಡುವೆ ಅಣ್ಣತಮ್ಮಂದಿರು ಗೋಡೆ ಎಬ್ಬಿಸಿದರು. ಅರ್ಧ ಆಕಾಶ ಅಣ್ಣನಿಗೆ, ಅರ್ಧ ಆಕಾಶ ತಮ್ಮನಿಗೆ. ಆರು ವರ್ಷದಲ್ಲಿ ಎರಡು ಭಾಗವೂ ಬಿದ್ದವು. ಅದರ ಕೆತ್ತನೆ ಬಾಗಿಲು ಮಾರಾಟವಾಗಿ ಎಲ್ಲಿಗೋ ಹೋಯಿತು. ಅದು ಹೋದ ದಿನ ಅಮ್ಮ ಊಟ ಮಾಡಲಿಲ್ಲ.

ಮತ್ತೆ ನಮ್ಮ ಮನೆಗೆ ಬರೋಣ. ಗೋಡೆ ಸರಿಯಾಯಿತು, ಮನೆ ಉಳಿಸುವುದೆಂದು ನಿಶ್ಚಯವಾಯಿತು. ಇನ್ನು ಅದರಲ್ಲಿ ಬದುಕುವುದು ಹೇಗೆ ಎಂಬ ಮಾತು. ಅಮ್ಮನಿಗೆ ಎಂಬತ್ತು. ಮಂಡಿ ನೋವು. ರಾತ್ರಿ ಹಿತ್ತಲಿಗೆ ಹೋಗಿ ಬರುವುದು ಆಗದು. ಅವರ ಕೋಣೆಯ ಪಕ್ಕದಲ್ಲೇ ಕಮೋಡಿರುವ ಬಚ್ಚಲು ಬೇಕಿತ್ತು. ಮಣ್ಣಿನ ಗೋಡೆಯ ಮನೆಯೊಳಗೆ ನೀರಿನ ಕೊಳಾಯಿ ತರುವುದೆಂದರೆ ಹುಷಾರಾಗಿರಬೇಕು. ಗೋಡೆ ಕೊರೆದು ಪೈಪು ಹುದುಗಿಸಿದರೆ, ಒಂದು ದಿನ ಅದು ಸೋರುತ್ತದೆ. ಸೋರಿದ್ದು ಗೊತ್ತಾಗುವ ಹೊತ್ತಿಗೆ ಗೋಡೆಯ ಹೊಟ್ಟೆ ಕರಗಿರುತ್ತದೆ.

ಆದ್ದರಿಂದ ಹಳೆಯ ಗೋಡೆಗೆ ಅಂಟಿಸದೆ, ಒಂದು ಗೇಣು ಬಿಟ್ಟು, ಹಿತ್ತಲ ಕಡೆಗೆ ಬಚ್ಚಲನ್ನು ಬೇರೆಯಾಗಿ ಕಟ್ಟಿಸಿದೆವು. ಅದಕ್ಕೆ ಅದರದೇ ತಳಪಾಯ, ಅದರದೇ ಗೋಡೆ. ಹಳೆಯ ಮನೆಯಲ್ಲಿ ಒಂದು ಕಿಟಕಿ ಇದ್ದಲ್ಲಿ ಬಾಗಿಲಾಯಿತು, ಅಷ್ಟೇ. ನಾಳೆ ಯಾರಿಗಾದರೂ ಬೇಡವಾದರೆ ಬಚ್ಚಲನ್ನು ತೆಗೆದುಹಾಕಬಹುದು. ಮನೆಗೆ ಗಾಯವಾಗುವುದಿಲ್ಲ. ಹಳೆಯ ಮನೆಗೆ ಸೇರಿಸುವ ಯಾವುದೇ ಹೊಸದನ್ನು ಮತ್ತೆ ಬಿಚ್ಚಲು ಬರುವಂತಿರಬೇಕು. ಇದನ್ನು ನಾನು ಪಟ್ಟು ಹಿಡಿದು ಪಾಲಿಸಿದೆ. ವಿದ್ಯುತ್ ತಂತಿಗೂ ಅದೇ. ಹಿಂದೆ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು ಅದರೊಳಗೆ ತಂತಿ ಎಳೆಯುತ್ತಿದ್ದರು, ನೆನಪಿರಬಹುದು. ನಾವೂ ಗೋಡೆ ಕೊರೆಯದೆ ಮೇಲೆಯೇ ಕೊಳವೆ ಎಳೆಸಿದೆವು. ನೀರಿನ ಟ್ಯಾಂಕನ್ನು ಮನೆಯ ಮೇಲೆ ಇಡಲಿಲ್ಲ. 1,000 ಲೀಟರ್ ನೀರು ಅಂದರೆ ಒಂದು ಟನ್ ಭಾರ. ನೂರು ವರ್ಷದ ತೊಲೆಯ ಮೇಲೆ ಅಷ್ಟು ಭಾರ ಹೇರಬಾರದು. ಹಿತ್ತಲಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ ಅದರ ಮೇಲೆ ಇಟ್ಟೆವು.

ತೊಲೆಯ ಮಾತು ಬಂತಲ್ಲ. ಪಡುವಣ ಗೋಡೆಗೆ ಕೂತಿದ್ದ ಮೂರು ಜಂತೆಗಳ ತುದಿ ಲಡ್ಡು ಹಿಡಿದಿತ್ತು. ಒದ್ದೆ ಗೋಡೆಯೊಳಗೆ ಹುದುಗಿದ್ದ ತುದಿಗಳು. ಮರಗೆಲಸದ ಆಚಾರ್ರು ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೆ ಒಳಗೆ ಹೋಯಿತು. ಗೋಡೆಯಿಂದ ಒಂದು ಮೊಳ ಈಚೆಗೆ ಅದೇ ಜಂತೆ ಕಬ್ಬಿಣದ ಹಾಗೆ ಗಟ್ಟಿ. ಪೂರ್ತಿ ಜಂತೆ ಬದಲಿಸಿ ಎಂದವರು ಬಹಳ ಮಂದಿ. ಆಚಾರ್ರು ಕೆಟ್ಟ ತುದಿಯನ್ನಷ್ಟೇ ಓರೆಯಾಗಿ ಕೊಯ್ದರು. ಬಿದ್ದುಹೋದ ಮನೆಯೊಂದರಿಂದ ತಂದ ಹಳೆಯ ತೇಗದ ತುಂಡನ್ನು ಅಲ್ಲಿ ಸೇರಿಸಿ ಬೋಲ್ಟು ಬಿಗಿದರು. ಹೊಸ ತುದಿಯ ಸುತ್ತ ಗೋಡೆಯಲ್ಲಿ ಬೆರಳು ತೂರುವಷ್ಟು ಜಾಗ ಬಿಟ್ಟರು. ಮರಕ್ಕೂ ಗಾಳಿ ಆಡಬೇಕು ಎಂದರು. ಮೇಸ್ತ್ರಿಗಳು ಗೋಡೆಗೆ ಹೇಳಿದ್ದನ್ನೇ ಆಚಾರ್ರು ಮರಕ್ಕೆ ಹೇಳಿದರು. ಇಬ್ಬರಲ್ಲಿ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ.

ಗೋಡೆಗೆ ಉಸಿರು, ಮರಕ್ಕೆ ಗಾಳಿ. ಇಷ್ಟಾಯಿತು. ಇನ್ನು ಇಡೀ ಮನೆಯ ಉಸಿರು ಅಂದರೆ ತೊಟ್ಟಿ.

ತೊಟ್ಟಿ ಬರಿಯ ಅಂದಕ್ಕೆ ಮಾಡಿದ್ದಲ್ಲ. ಹಗಲು ಮನೆಯೊಳಗಿನ ಬಿಸಿ ಗಾಳಿ ಹಗುರಾಗಿ ಅದರ ಮೂಲಕ ಮೇಲೆ ಹೋಗುತ್ತದೆ. ಅದರ ಜಾಗಕ್ಕೆ ಬೀದಿಬಾಗಿಲು, ಹಿತ್ತಲಬಾಗಿಲಿನಿಂದ ಗಾಳಿ ಒಳಗೆ ಬರುತ್ತದೆ. ರಾತ್ರಿ ತಂಪು ಗಾಳಿ ಇಳಿದು ಕಲ್ಲುಹಾಸಿನ ಮೇಲೆ ಕೂರುತ್ತದೆ. ದಪ್ಪ ಗೋಡೆ ಹಗಲಿನ ಬಿಸಿಲನ್ನು ನಿಧಾನವಾಗಿ ಹೀರುವುದರಿಂದ, ಆ ಕಾವು ಒಳಗೆ ತಲಪುವ ಹೊತ್ತಿಗೆ ಸಂಜೆಯಾಗಿರುತ್ತದೆ. ಇಂಥ ಮನೆಗೆ ಏಸಿ ಯಾಕೆ? ಏಪ್ರಿಲ್ ತಿಂಗಳಲ್ಲೂ ನಮ್ಮ ಪಡಸಾಲೆಗೆ ಒಂದು ಫ್ಯಾನು ಸಾಕು.

ಆದರೆ ಜನ ಮೊದಲು ಮುಚ್ಚುವುದೇ ತೊಟ್ಟಿಯನ್ನು. ಕಾರಣಗಳಿವೆ. ಕೋತಿ ಬರುತ್ತದೆ, ಕಳ್ಳರ ಭಯ, ಸೊಳ್ಳೆ, ಮಳೆಯ ಎರಚಲು. ಇವು ಸುಳ್ಳು ಕಾರಣಗಳಲ್ಲ. ನಾವೂ ಒಮ್ಮೆ ಫೈಬರ್ ಶೀಟು ಹೊದಿಸಿದ್ದೆವು. ಮಧ್ಯಾಹ್ನ ಮನೆ ಬೇಯುತ್ತಿತ್ತು. ಒಗ್ಗರಣೆಯ ಹೊಗೆ ಸಂಜೆಯವರೆಗೂ ಹೋಗುತ್ತಿರಲಿಲ್ಲ. ಶೀಟನ್ನು ಕಿತ್ತು ಹಾಕಿದೆವು. ಈಗ ತೊಟ್ಟಿಯ ಬಾಯಿಗೆ ಕಬ್ಬಿಣದ ಕಂಬಿ, ಅದರ ಕೆಳಗೆ ಸೊಳ್ಳೆ ಜಾಲರಿ. ಮಳೆ ಬಂದರೆ ಬರಲಿ. ಪಡಸಾಲೆಯ ಅಂಚಿಗೆ ಬಿದಿರಿನ ತಟ್ಟಿ ಇಳಿಬಿಡುತ್ತೇವೆ. ಮಳೆ ನಿಂತ ಮೇಲೆ ಸುತ್ತಿ ಮೇಲೆ ಕಟ್ಟುತ್ತೇವೆ. ಎರಡು ನಿಮಿಷದ ಕೆಲಸ.

ತೊಟ್ಟಿಯಿಂದ ಗಾಳಿ ಬೆಳಕು ಬರುವುದನ್ನು ಹೇಳಿದೆ. ಅದೇ ತೊಟ್ಟಿಯಿಂದ ನೀರೂ ಬರುತ್ತದೆ. ಲೆಕ್ಕ ಸುಲಭ, ಮನಸ್ಸಿನಲ್ಲೇ ಮಾಡಿ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ನಮ್ಮ ಸೂರು ಸುಮಾರು 150 ಚದರ ಮೀಟರ್. ಸೋರಿಕೆ, ಆವಿ ಎಲ್ಲ ಕಳೆದರೂ ಒಂದು ಲಕ್ಷ ಲೀಟರ್ ಆಸುಪಾಸು ಸಿಗುತ್ತದೆ. ಐದು ಜನರ ಮನೆಗೆ ಹೆಚ್ಚುಕಡಿಮೆ ಐದು ತಿಂಗಳ ನೀರು. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ತೊಟ್ಟಿಮನೆಗೆ ಅದಕ್ಕಾಗಿ ಬಹಳ ಏನೂ ಮಾಡಬೇಕಾಗಿಲ್ಲ. ನಾಲ್ಕು ಸೂರಿನ ನೀರು ತಾನಾಗಿ ನಡುವೆ ಬಂದು ಸೇರುತ್ತದೆ. ಹಿಂದೆ ಅದು ಮೋರಿಗೆ ಹೋಗುತ್ತಿತ್ತು. ಈಗ ಸೂರಿನ ಅಂಚಿಗೆ ತಗಡಿನ ದೋಣಿ ಕಟ್ಟಿಸಿದ್ದೇವೆ. ವರ್ಷದ ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುತ್ತೇವೆ. ಆಮೇಲಿನ ನೀರು ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ಬಾವಿಗೆ. ಬತ್ತಿದ್ದ ಬಾವಿಯಲ್ಲಿ ಎರಡನೇ ವರ್ಷಕ್ಕೆ ನೀರು ನಿಂತಿತು. ಇನ್ನೊಂದು ಲಾಭವೂ ಆಯಿತು. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳುವುದು ತಪ್ಪಿ, ಗೋಡೆ ಮತ್ತಷ್ಟು ಒಣಗಿತು.

ಸೋಲಾರ್ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಒಂದು ಕಿಲೋವಾಟ್ ಫಲಕಕ್ಕೆ ಸುಮಾರು ನೂರು ಚದರಡಿ ಜಾಗ ಬೇಕು. ಬೀದಿಯ ಕಡೆಯ ಸೂರಿನ ಮೇಲೆ ಹಾಕಿದರೆ ಮನೆಯ ಮುಖ ಕೆಡುತ್ತದೆ, ಹೆಂಚಿಗೆ ಭಾರವೂ ಹೌದು. ನಾವು ಹೊಸ ಬಚ್ಚಲಿನ ತಾರಸಿಯ ಮೇಲೆ ಹಾಕಿಸಿದೆವು. ಬಿಸಿನೀರಿನದೂ ಅಲ್ಲೇ. ತಾಮ್ರದ ಹಂಡೆ ಮಾತ್ರ ಅದರ ಜಾಗದಲ್ಲೇ ಇದೆ. ಮೋಡದ ದಿನಗಳಲ್ಲಿ ತೆಂಗಿನ ಗರಿ ಹಾಕಿ ಒಲೆ ಹಚ್ಚುತ್ತೇವೆ.

ಇದಕ್ಕೆಲ್ಲ ಮೂರು ವರ್ಷ ಹಿಡಿಯಿತು. ಒಟ್ಟಿಗೇ ಮಾಡಿಸುವಷ್ಟು ಹಣ ನಮ್ಮಲ್ಲಿರಲಿಲ್ಲ. ಸುಣ್ಣದ ಕೆಲಸಕ್ಕೆ ಅವಸರವೂ ಕೂಡದು. ನಮಗೆ ಹಣಕ್ಕಿಂತ ಕಷ್ಟವಾದದ್ದು ಕೈಕೆಲಸ ಬಲ್ಲವರನ್ನು ಹುಡುಕುವುದು. ನಮ್ಮ ಮೇಸ್ತ್ರಿಗಳ ಮಗ ಟೈಲ್ಸ್ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ದಿನವೂ ಕೆಲಸ ಸಿಗುತ್ತದೆ, ಸುಣ್ಣಕ್ಕೆ ಸಿಗುವುದಿಲ್ಲ. ಪಾರಂಪರಿಕ ಮನೆಗಳ ಪಟ್ಟಿ ಮಾಡಿದ ಹಾಗೆಯೇ ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳ, ಆಚಾರ್ರ ಪಟ್ಟಿಯನ್ನೂ ಊರೂರಲ್ಲಿ ಮಾಡಬೇಕು. ಹಳೆಯ ಮನೆಯವರಿಗೆ ದುರಸ್ತಿಗೆಂದು ಕಡಿಮೆ ಬಡ್ಡಿಯ ಸಾಲ ಸಿಗಬೇಕು. ಕೇಳುಗರಲ್ಲಿ ಅಧಿಕಾರದಲ್ಲಿರುವವರು ಯಾರಾದರೂ ಇದ್ದರೆ ಇದನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಿ.

ನಮ್ಮ ಮನೆಯಲ್ಲಿ ಹಿಂದಿನ ಕೋಣೆಯ ಒಂದು ಗೋಡೆ ಇನ್ನೂ ಸಿಮೆಂಟಿನದೇ. ಅದರ ಸರದಿ ಈಗ ಬಂದಿದೆ. ಹಿತ್ತಲ ಗುಂಡಿಯಲ್ಲಿ ಸುಣ್ಣ ನೆನೆಯುತ್ತಿದೆ. ಅಮ್ಮ ನಿನ್ನೆಯೇ ಅಳಲೆಕಾಯಿ ಜಜ್ಜಿ ನೀರಿಗೆ ಹಾಕಿದ್ದಾರೆ. ಮೇಸ್ತ್ರಿಗಳು ಸೋಮವಾರ ಬರುತ್ತಾರೆ. ಮಗನನ್ನೂ ಕರೆತರುತ್ತೇನೆ ಎಂದಿದ್ದಾರೆ.